ಜುಂ ಎಂದ ಡಬ್ಬ

ಮದ್ದೂರಿನಲ್ಲಿ ಮಳವಳ್ಳಿ ರಸ್ತೆಗೆ ತಿರುಗಿದ ಮೇಲೆ ಎಡಗಡೆಗೆ ಸಿಗುವ ಮೋಟಾರ್ ವೈಂಡಿಂಗ್ ಅಂಗಡಿಯ ರವಿಚಂದ್ರನಿಗೆ ಬಾಯಿ ಜೋರು. ಆ ಸೀಮೆಯಲ್ಲಿ ಇದನ್ನು ಯಾರೂ ದೂರಾಗಿ ಹೇಳುವುದಿಲ್ಲ. ಸುಟ್ಟುಹೋದ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದ ರೈತ ಇನ್ನೂ ಕೆಳಗೆ ಇಳಿದಿರುತ್ತಿರಲಿಲ್ಲ, ಇವನು ಒಳಗಿನಿಂದಲೇ ಶುರು ಮಾಡುತ್ತಿದ್ದ. "ಅಲ್ಲ ಕಣಯ್ಯ, ನೀರಿಲ್ದೆ ಬರೀ ಗಾಳಿ ಕುಡಿಸ್ಕಂಡು ಓಡ್ಸಿದ್ದೀಯಲ್ಲ, ಇದೇನು ಮೋಟ್ರೋ ಇಲ್ಲ ಬಾಡಿಗೆ ಎತ್ತೋ?" ರೈತ ತಲೆ ಕೆರೆದುಕೊಂಡು ನಗುತ್ತಿದ್ದ. ಅಷ್ಟರಲ್ಲಿ ರವಿಚಂದ್ರ ಎದುರಿನ ಹೋಟೆಲಿನ ಕಡೆ ಕೈಯೆತ್ತಿ ಟೀ ಹೇಳಿಯಾಗಿರುತ್ತಿತ್ತು. ಬೈದವನ ಮುಖ ಎದುರಿಗೇ ಇರುತ್ತಿತ್ತು, ಆ ಮುಖದಲ್ಲಿ ದ್ವೇಷ ಇಲ್ಲವೆಂಬುದು ಕಾಣುತ್ತಿತ್ತು, ರೈತನ ಕೈಯಲ್ಲಿ ಬಿಸಿ ಟೀ ಲೋಟವೂ ಇರುತ್ತಿತ್ತು. ಹೀಗಾಗಿ ಬೈಸಿಕೊಂಡವನು ಮುಂದಿನ ಸಲವೂ ಅಲ್ಲಿಗೇ ಬರುತ್ತಿದ್ದ.

ಅವನ ಊರು ಬೆಸಗರಹಳ್ಳಿ. ಪಿಯುಸಿ ಮುಗಿಯದೆ ಮಂಡ್ಯಕ್ಕೆ ಹೋಗಿ ಚಿಕ್ಕಣ್ಣ ಎಂಬ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತಿದ್ದ. ಚಿಕ್ಕಣ್ಣನೂ ಬೈದು ಕಲಿಸಿದವನೇ. ತಂತಿಯ ಸುತ್ತು ಒಂದು ತಪ್ಪಿದರೆ ಇಡೀ ಕಾಯಿಲ್ಲನ್ನು ಬಿಚ್ಚಿಸಿ, ಶಿಷ್ಯನ ವಂಶವನ್ನೆಲ್ಲ ನೆನೆದು, ಮತ್ತೆ ಸುತ್ತಿಸುತ್ತಿದ್ದ. ಮಧ್ಯಾಹ್ನ ತನ್ನ ಬುತ್ತಿಯ ಮುದ್ದೆಯನ್ನು ಎರಡು ಭಾಗ ಮಾಡಿ ದೊಡ್ಡದನ್ನು ಇವನ ತಟ್ಟೆಗೆ ಹಾಕುತ್ತಿದ್ದ.

ಕೊರೊನಾ ಬಂದು ಅಂಗಡಿಗಳೆಲ್ಲ ಬಾಗಿಲು ಹಾಕಿದಾಗ ರವಿಚಂದ್ರ ಒಂದು ವಾಟ್ಸಾಪ್ ಗ್ರೂಪ್ ಮಾಡಿದ. ಹೆಸರು ಮೋಟಾರ್ ಮಿತ್ರರು. ಕಬ್ಬು ಒಣಗುತ್ತಿತ್ತು, ಮೋಟಾರು ಕೆಟ್ಟರೆ ತರುವಂತಿಲ್ಲ, ಮೆಕ್ಯಾನಿಕ್ಕು ಹೋಗುವಂತಿಲ್ಲ. ರೈತರು ಫೋಟೋ ಕಳಿಸುತ್ತಿದ್ದರು. ಇವನು ಮನೆಯ ಜಗಲಿಯಲ್ಲಿ ಕೂತು ವಾಯ್ಸ್ ಮೆಸೇಜಿನಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದ. ಕೆಂಪು ವಯರು ಎಲ್ಲಿಗೆ, ಹಳದಿ ಎಲ್ಲಿಗೆ, ಮೊದಲು ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಲೇಬಾರದು. ಒಂದೇ ಮಾತನ್ನು ಎಷ್ಟು ಸಲ ಕೇಳಿದರೂ ಬೇಸರಪಡದೆ ಹೇಳಿದ. ಆ ದಿನಗಳಲ್ಲಿ ಅವನ ಹೆಂಡತಿ ಅರ್ಪಿತ ನಗುತ್ತಿದ್ದಳು: "ನನ್ ಜೊತೆ ಇಷ್ಟ್ ಸಮಾಧಾನವಾಗಿ ಯಾವತ್ತಾದ್ರೂ ಮಾತಾಡಿದ್ದೀರೇನ್ರೀ?"

ಲಾಕ್‌ಡೌನ್ ಮುಗಿಯಿತು, ಗ್ರೂಪು ಬೆಳೆಯಿತು. ಮೊದಲು ಮದ್ದೂರು, ಮಳವಳ್ಳಿ, ಮಂಡ್ಯದವರಷ್ಟೇ ಇದ್ದದ್ದು ಆಮೇಲೆ ತುಮಕೂರು, ಹಾಸನ, ದಾವಣಗೆರೆಯವರೂ ಸೇರಿದರು. ಮೆಕ್ಯಾನಿಕ್ಕುಗಳು, ಐಟಿಐ ಓದಿದವರು, ಸ್ಟಾರ್ಟರ್ ಮಾರುವವರು ತುಂಬಿಕೊಂಡರು. ಹೊಸಬರು ಬಂದಂತೆಲ್ಲ ಹಳೆಯ ಪ್ರಶ್ನೆಗಳೇ ಬಂದವು. ಕೆಪಾಸಿಟರ್ ಅಂದರೇನು? ಮೋಟಾರು ಗುಂಯ್ ಅಂತದೆ, ತಿರುಗಲ್ಲ, ಯಾಕೆ? ನಿನ್ನೆ ಹೇಳಿದ್ದನ್ನೇ ಇವತ್ತು ಇನ್ನೊಬ್ಬ ಕೇಳುತ್ತಿದ್ದ. ರವಿಚಂದ್ರನಿಗೆ ಸಿಟ್ಟು ಬರತೊಡಗಿತು. ಒಂದು ದಿನ ಯಾರೋ ಫ್ಯೂಸ್ ಎಲ್ಲಿರುತ್ತದೆ ಎಂದು ಕೇಳಿದಾಗ, "ಅತ್ತೆ ಮನೆ ಅಟ್ಟದ ಮೇಲೆ ಇರ್ತದೆ, ಅತ್ತಿ ನೋಡ್ಲಾ" ಎಂದು ಬರೆದ.

ಅದರ ಕೆಳಗೆ ನಗುವ ಮುಖಗಳು ಹುತ್ತದಿಂದ ಈಸುಳ್ಳಿ ಹುಳ ಎದ್ದ ಹಾಗೆ ಎದ್ದವು.

ಆ ರುಚಿ ಅವನಿಗೆ ಹತ್ತಿದ್ದು ಹಾಗೆ. ಸರಿಯಾದ ಉತ್ತರ ಬರೆದರೆ ಕೇಳಿದವನೊಬ್ಬ ಕೈಮುಗಿಯುತ್ತಿದ್ದ. ಬೈದು ಬರೆದರೆ ನೂರಾರು ಜನ ನಗುತ್ತಿದ್ದರು. ಯಾರೋ ಅವನ ಫೋಟೋದ ಕೆಳಗೆ ಅವನದೇ ಮಾತುಗಳನ್ನು ಹಾಕಿ ಸ್ಟಿಕ್ಕರ್ ಮಾಡಿದರು. "ರವಿಯಣ್ಣನ ಮಂಗಳಾರತಿ" ಎಂದು ಅದಕ್ಕೆ ಹೆಸರೇ ಬಿತ್ತು. ಹೊಸಬ ಏನಾದರೂ ಪೆದ್ದು ಪ್ರಶ್ನೆ ಕೇಳಿದ ಕೂಡಲೇ ಉಳಿದವರು, "ಅಣ್ಣಾ, ಬನ್ನಿ, ತಟ್ಟೆ ರೆಡಿ" ಎಂದು ಕರೆಯುತ್ತಿದ್ದರು. ಅವನು ಕಾಯಿಲ್ ಸುತ್ತುವುದನ್ನು ಬಿಟ್ಟು ಕೈ ಒರೆಸಿಕೊಂಡು ಫೋನ್ ಎತ್ತಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ, ಒಳ್ಳೆಯ ಪ್ರಶ್ನೆ ಬಂದ ದಿನ ಅವನಿಗೆ ಸಪ್ಪೆ ಎನಿಸುತ್ತಿತ್ತು. ದಡ್ಡರಿಗಾಗಿ ಅವನು ಕಾಯತೊಡಗಿದ್ದ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹೊಸ ನಂಬರೊಂದರಿಂದ ಮೆಸೇಜ್ ಬಂತು. ಹೆಸರಿಲ್ಲ. ಫೋಟೋದ ಜಾಗದಲ್ಲಿ ಒಂದು ಕೆಂದು ಹಸುವಿನ ಮುಖ.

"ಅಣ್ಣ ನಮಸ್ಕಾರ ಮೋಟರ್ ಆನ್ ಮಾಡಿದರೆ ಡಬ್ಬ ಮುಟ್ಟಿದರೆ ಜೂನ್ ಅನ್ನುತ್ತದೆ ಏನು ಮಾಡಬೇಕು."

ರವಿಚಂದ್ರ ಅದನ್ನು ಓದಿ ಒಬ್ಬನೇ ನಕ್ಕ. ಅಂಗಡಿಯಲ್ಲಿ ಕಾದಿದ್ದ ರೈತನಿಗೂ ಓದಿ ಹೇಳಿದ. ಆಮೇಲೆ ಟೈಪ್ ಮಾಡಿದ: "ಜೂನ್ ಅಂದ್ರೆ ಒಳ್ಳೇದೇ ಆಯ್ತಲ್ಲಪ್ಪ. ಇನ್ನೊಂದ್ ತಿಂಗ್ಳು ಕಾಯಿ, ಜುಲೈ ಅಂತದೆ. ಡಿಸೆಂಬರ್ ಅಂದಾಗ ಕೇಕ್ ತಗಂಡ್ ಬಾ."

ಅವತ್ತಿನ ನಗು ಹಿಂದೆಂದಿಗಿಂತ ಜೋರಾಗಿತ್ತು. ಒಬ್ಬ ಕ್ಯಾಲೆಂಡರಿನ ಚಿತ್ರ ಹಾಕಿದ. ಇನ್ನೊಬ್ಬ, ನಮ್ಮ ಮೋಟಾರು ಭಾನುವಾರ ಅನ್ನುತ್ತದೆ, ರಜ ಕೊಡಲೇ ಎಂದು ಕೇಳಿದ. ಅಷ್ಟರ ನಡುವೆ ಅದೇ ನಂಬರಿನಿಂದ ಮತ್ತೊಂದು ಸಾಲು ಬಂತು: "ತಮಾಷೆ ಅಲ್ಲ ಅಣ್ಣ ಭಯ ಆಗುತ್ತದೆ." ರವಿಚಂದ್ರ, "ಬೇಸಿಕ್ಕೇ ಗೊತ್ತಿಲ್ದೋರು ಮೊದ್ಲು ಕಲ್ತು ಆಮೇಲೆ ಬನ್ನಿ. ಇದು ಅಂಗನವಾಡಿ ಅಲ್ಲ" ಎಂದು ಬರೆದು ಆ ನಂಬರನ್ನು ಗ್ರೂಪಿನಿಂದ ತೆಗೆದುಹಾಕಿದ. ಮಧ್ಯಾಹ್ನ ಊಟಕ್ಕೆ ಹೋಗುವಷ್ಟರಲ್ಲಿ ಮರೆತೂಬಿಟ್ಟ.

ಮಳೆ ಹಿಡಿದು, ಕಾಲುವೆಗೆ ನೀರು ಬಿಟ್ಟು, ಭತ್ತದ ಪೈರು ಹಾಕುವ ಹೊತ್ತಿಗೆ ಮಳವಳ್ಳಿಯ ರಘುನಂದನ್ ಗ್ರೂಪಿಗೆ ಒಂದು ಫೋಟೋ ಹಾಕಿದ. ರಘುನಂದನ್ ಮಳವಳ್ಳಿಯಲ್ಲಿ ಪೈಪಿನ ಅಂಗಡಿ ಇಟ್ಟವನು, ಗ್ರೂಪಿನ ಹಳೆಯ ಸದಸ್ಯ, ಹೆಚ್ಚು ಮಾತಾಡುವವನಲ್ಲ. ಫೋಟೋದಲ್ಲಿ ಕೆಸರು, ಕೆಸರಿನಲ್ಲಿ ಕಾಲು ಚಾಚಿಕೊಂಡು ಬಿದ್ದಿರುವ ಒಂದು ಕೆಂದು ಹಸು, ಅದರ ತಲೆಯ ಹತ್ತಿರ ಕಬ್ಬಿಣದ ಆಂಗಲ್ ಕಂಬಕ್ಕೆ ಬಿಗಿದ ಸ್ಟಾರ್ಟರ್ ಡಬ್ಬ.

ಗ್ರೂಪು ಚುರುಕಾಯಿತು. "ಡಬ್ಬದ ಬಾಡಿಗೆ ಕರೆಂಟ್ ಬಂದದೆ." "ಅರ್ಥಿಂಗೇ ಇಲ್ಲ ಅನ್ಸುತ್ತೆ." "ಕೈ ಇಟ್ರೆ ಮೊದ್ಲೇ ಗೊತ್ತಾಗಿರ್ತದೆ, ಯಾರ್ಗಾದ್ರೂ ಕೇಳಕ್ಕೇನು ರೋಗ?" ಒಬ್ಬೊಬ್ಬರೂ ಒಂದೊಂದು ಹೇಳಿದರು. ಎಲ್ಲವೂ ಸರಿಯಾದ ಮಾತೇ. ರವಿಚಂದ್ರನೂ, "ಅರ್ಥ್ ವಯರ್ ಇಲ್ದೆ ಮೋಟ್ರು ಓಡ್ಸೋರ್ನ ಮೊದ್ಲು ಅದೇ ಕಂಬಕ್ಕೆ ಕಟ್ಟಾಕಬೇಕು" ಎಂದು ಬರೆದ.

ಸ್ವಲ್ಪ ಹೊತ್ತು ಬಿಟ್ಟು ರಘುನಂದನ್ ಬರೆದ: "ಇವರು ಕೇಳಿದ್ರು ಅಣ್ಣ. ನಾನೇ ಗ್ರೂಪಿಗೆ ಸೇರಿಸಿದ್ದೆ. ಜೂನ್ ಅನ್ನುತ್ತದೆ ಅಂತ ಹಾಕಿದ್ರಲ್ಲ, ಅವರೇ."



ರವಿಚಂದ್ರ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಜಾರಿಸುತ್ತಾ ಹೋದ. ಬೇಸಿಗೆಯ ಆ ದಿನ ಸಿಕ್ಕಿತು. ತನ್ನ ಮಾತನ್ನು ಒತ್ತಿಹಿಡಿದು ಅಳಿಸಲು ನೋಡಿದ. ಹಳೆಯದಾಗಿದ್ದರಿಂದ ತನ್ನ ಫೋನಿನಲ್ಲಿ ಮಾತ್ರ ಅಳಿಸಬಹುದೆಂದು ಅದು ಹೇಳಿತು. ಎಲ್ಲರ ಫೋನಿನಲ್ಲೂ ಅದು ಇರುತ್ತದೆ. ಅವನು ನೋಡುತ್ತಿದ್ದಂತೆಯೇ ಆ ಮಾತಿನ ಕೆಳಗೆ ಅಂಟಿಕೊಂಡಿದ್ದ ನಗುಮುಖಗಳ ಲೆಕ್ಕ ಕಡಿಮೆಯಾಯಿತು. ಒಂದು ಹೋಯಿತು, ಇನ್ನೊಂದು ಹೋಯಿತು. ಯಾರ್ಯಾರೋ ತಮ್ಮ ತಮ್ಮ ಮನೆಗಳಲ್ಲಿ ಕೂತು, ಯಾರಿಗೂ ಹೇಳದೆ, ತಮ್ಮ ನಗುವನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಅವನ ಮಾತೊಂದೇ ಉಳಿಯಿತು.

ಸಂಜೆ ಹೊತ್ತಿಗೆ ಕೆಲವರು ಧೈರ್ಯ ಹೇಳಲು ಬಂದರು. ಅಣ್ಣನ ತಪ್ಪೇನಿದೆ, ಗ್ರೂಪು ಇರುವುದು ಮೆಕ್ಯಾನಿಕ್ಕುಗಳಿಗೆ, ಸರಿಯಾಗಿ ಬರೆಯಲು ಬಾರದವರು ಹೀಗೇ ಎಂದರು. ಆ ಮಾತುಗಳನ್ನು ಅವನು ಮತ್ತೆ ಮತ್ತೆ ಓದಿದ. ನಂಬಬೇಕೆಂದು ಬಹಳ ಆಸೆಯಾಯಿತು. ಒಂದು ಗಳಿಗೆ ನಂಬಿದ ಕೂಡ. ರಾತ್ರಿ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಫೋನ್ ಎತ್ತಿಕೊಂಡ.

"ಏನಾಯ್ತ್ರೀ?" ಎಂದಳು ಅರ್ಪಿತ.

"ಏನಿಲ್ಲ. ಒಟ್ಟೆ ಸರಿಯಿಲ್ಲ."

ಅವನಿಗೆ ಚಿಕ್ಕಣ್ಣ ನೆನಪಾದ. ನನಗೂ ಬೈದೇ ಕಲಿಸಿದರು, ನಾನೂ ಹಾಗೇ ಕಲಿಸಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಹೊರಟ. ಆದರೆ ಅದರ ಬೆನ್ನಿಗೇ ಇನ್ನೊಂದು ನೆನಪು ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕರೆಂಟು ಇರುವಾಗಲೇ ಇವನು ತೆರೆದ ಸ್ಟಾರ್ಟರಿಗೆ ಕೈ ಹಾಕಲು ಹೋಗಿದ್ದ. ಚಿಕ್ಕಣ್ಣ ಒಂದೇ ನೆಗೆತಕ್ಕೆ ಬಂದು ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಿದ್ದ. ಇಬ್ಬರೂ ತಂತಿಯ ಸುರುಳಿಗಳ ಮೇಲೆ ಮಗುಚಿಬಿದ್ದಿದ್ದರು. ಬೈಗುಳ ಶುರುವಾದದ್ದು ಬಿದ್ದ ಮೇಲೆ. ಮೊದಲು ಕೈ ಎಳೆದ, ಆಮೇಲೆ ಬೈದ.

ಆ ಜೂನ್ ಎಂಬುದು ಜುಂ. ಡಬ್ಬ ಮುಟ್ಟಿದರೆ ಜುಂ ಅನ್ನುತ್ತದೆ ಎಂದರೆ ಡಬ್ಬಕ್ಕೆ ಕರೆಂಟು ಬಂದಿದೆ ಎಂದು ಮೋಟಾರು ಕಲಿಯುವ ಯಾರಿಗಾದರೂ ಮೊದಲ ವಾರಕ್ಕೇ ಗೊತ್ತಾಗುತ್ತದೆ. ಅವನಿಗೆ ಅವತ್ತೂ ಗೊತ್ತಾಗಿತ್ತು. ನಗುವ ಮೊದಲೇ ಗೊತ್ತಾಗಿತ್ತು. ಇದನ್ನು ಅವನು ಅರ್ಪಿತಳಿಗೂ ಹೇಳಲಾರದೆ ಹೋದ. ಮೇನ್ ಆಫ್ ಮಾಡಿ, ಮುಟ್ಟಬೇಡಿ ಎಂದಷ್ಟು ಬರೆಯಲು ಎಷ್ಟು ಹೊತ್ತು ಬೇಕಿತ್ತು? ಕೇಕಿನ ಮಾತು ಅದಕ್ಕಿಂತ ಉದ್ದವಾಗಿತ್ತು.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಬೈಕಿನ ಹಿಂದಕ್ಕೆ ಸಾಮಾನಿನ ಚೀಲ ಕಟ್ಟಿಕೊಂಡು ಮಳವಳ್ಳಿಗೆ ಹೋಗಿ ರಘುನಂದನನ ಅಂಗಡಿಯ ಮುಂದೆ ನಿಂತ.

"ಅವರ ಊರು ಯಾವ್ದು ಯೋಳು."

ರಘುನಂದನ್ ಅವನ ಮುಖ ನೋಡಿದ. "ಶಿವನಸಮುದ್ರದ ಕಡೆ ಅಣ್ಣ. ಮರಿತಾಯಮ್ಮ ಅಂತ. ಗಂಡ ಲಾರಿ ಡ್ರೈವರು, ವಾರಕ್ಕೊಂದು ದಿನ ಬತ್ತಾರೆ. ಜಮೀನೆಲ್ಲ ಈಯಮ್ಮನೇ ನೋಡ್ಕಳದು. ನಮ್ ಅಂಗ್ಡೀಲೇ ಪೈಪು ತಗತ್ತಾರೆ." ಆಮೇಲೆ, "ನಿಮ್ಮೆಸ್ರು ನಾನು ಯೋಳಿಲ್ಲ ಅಣ್ಣ. ಗ್ರೂಪ್ನೋರು ಅಂದೆ ಅಷ್ಟೆ. ಮೆಕ್ಯಾನಿಕ್ ಕಳಿಸ್ತೀನಿ ಅಂತ ಫೋನ್ ಮಾಡ್ಲಾ?"

ರವಿಚಂದ್ರ ಹೂಂ ಎಂದ. ತನ್ನ ಹೆಸರು ಅವಳಿಗೆ ಗೊತ್ತಿಲ್ಲ ಎಂಬ ಮಾತು ಕೇಳಿ ಎದೆಯ ಮೇಲಿನ ಒಂದು ಕಲ್ಲು ಇಳಿದ ಹಾಗಾಯಿತು. ಯಾರೋ ಮೆಕ್ಯಾನಿಕ್ಕಾಗಿ ಹೋಗುವುದು, ಡಬ್ಬ ಸರಿಮಾಡುವುದು, ಬರುವುದು. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡ. ಕಬ್ಬಿನ ಗದ್ದೆಗಳ ನಡುವೆ ಕಂಬದಿಂದ ಕಂಬಕ್ಕೆ ವಯರು ಜಗ್ಗಿಕೊಂಡು ಹೋಗುತ್ತಿತ್ತು. ಎಲ್ಲಿ ಸ್ಟಾರ್ಟರ್ ಡಬ್ಬ ಕಂಡರೂ ಕಣ್ಣು ತಾನಾಗಿ ಕೆಳಗೆ ಹೋಗಿ ಅರ್ಥ್ ವಯರು ಇದೆಯೇ ಎಂದು ಹುಡುಕುತ್ತಿತ್ತು.

ಮರಿತಾಯಮ್ಮನಿಗೆ ಐವತ್ತರ ಆಸುಪಾಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿಕೊಂಡು ಗದ್ದೆಯ ಬದುವಿನಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ಒಂದು ಒಣ ಬಿದಿರ ಕೋಲಿತ್ತು.

"ರಘಣ್ಣ ಕಳಿಸ್ದೋರಾ? ಬನ್ನಿ ಅಣ್ಣ. ಅಲ್ಲಿ ಅದೆ ನೋಡಿ." ಅವಳು ಡಬ್ಬದಿಂದ ಮಾರು ದೂರದಲ್ಲೇ ನಿಂತು ಕೋಲಿನಿಂದ ತೋರಿಸಿದಳು.

"ಕೋಲು ಯಾಕಕ್ಕ?"

"ಬಟನ್ ಒತ್ತಕ್ಕೆ. ಬೇಸ್ಗೇಲೆಲ್ಲ ಇದ್ರಲ್ಲೇ ಒತ್ತಿದ್ದು. ಕೈ ಇಟ್ರೆ ಜುಂ ಅನ್ನದಲ್ಲ."

ರವಿಚಂದ್ರ ಕಂಬದ ಹತ್ತಿರ ಹೋಗಿ ಮೊದಲು ಮೇನ್ ಆಫ್ ಮಾಡಿದ. ಡಬ್ಬದ ಮುಚ್ಚಳ ಬಿಚ್ಚಿದಾಗ ಹುಡುಕುವ ಅಗತ್ಯವೇ ಬೀಳಲಿಲ್ಲ. ಮೋಟಾರಿಗೆ ಹೋಗುವ ವಯರು ಡಬ್ಬದ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದು ತಂತಿ ತಗಡಿಗೆ ತಾಗಿತ್ತು. ಅರ್ಥ್ ವಯರು ತುಕ್ಕು ಹಿಡಿದು ಎಂದೋ ತುಂಡಾಗಿ ಹುಲ್ಲಿನಲ್ಲಿ ಬಿದ್ದಿತ್ತು. ನೆಲ ಒಣಗಿರುವವರೆಗೆ ಜುಂ ಎಂದದ್ದು, ಮಳೆಗೆ ನೆಲ ನೆನೆದ ಮೇಲೆ ಕೊಲ್ಲುವ ಕರೆಂಟಾಗಿತ್ತು. ಕತ್ತು ತುರಿಸಿಕೊಳ್ಳಲು ಹಸು ಆಂಗಲ್ಲಿಗೆ ಒರಗಿತ್ತು, ಅಷ್ಟೇ.

ಅವನು ತಲೆ ಎತ್ತದೆ ಕೆಲಸ ಮಾಡಿದ. ಸವೆದ ವಯರು ಬದಲಿಸಿದ, ತೂತಿಗೆ ರಬ್ಬರ್ ಬುಷ್ ಹಾಕಿದ. ಮರಿತಾಯಮ್ಮ ಮನೆಯಿಂದ ಇದ್ದಿಲು, ಉಪ್ಪು ತಂದು ಕೊಟ್ಟಳು. ಅವನು ಹಾರೆ ಹಿಡಿದು ಅರ್ಥಿಂಗಿಗೆ ಗುಂಡಿ ತೋಡತೊಡಗಿದ. ಅವಳು ಬದುವಿನ ಮೇಲೆ ಕೂತು ತಾನಾಗಿ ಮಾತಾಡಿದಳು.

"ಕೆಂದಿ ಅಂತ ಕರೀತಿದ್ದೆ ಅಣ್ಣ. ಮನೇಲೇ ಉಟ್ಟಿದ್ದು, ನಾನೇ ಬಾಟ್ಲೀಲಿ ಆಲು ಕುಡ್ಸಿ ಸಾಕಿದ್ದು. ನಾನ್ ಬಂದ್ರೆ ಇಂದಿಂದೇನೇ ಬರದು. ಅವತ್ತೂ ಇಂದ್ಗಡೇನೇ ಬಂದಿತ್ತು." ಕೋಲಿನಿಂದ ಶಿವನಸಮುದ್ರದ ಕಡೆ ತೋರಿಸಿದಳು. "ಕರೆಂಟು ಉಟ್ಟೋ ಪವರೌಸು ಇಲ್ಲೇ ಪಕ್ಕದಲ್ಲೇ ಅದೆ. ಆದ್ರೂ ಅದ್ರ ಗುಣ ನಮಗೆ ಗೊತ್ತಾಗಲ್ಲ ನೋಡಿ."

"ಯಾರನ್ನಾದ್ರೂ ಕೇಳ್ಬೋದಿತ್ತಲ್ಲಕ್ಕ," ಎಂದ ರವಿಚಂದ್ರ. ಯಾಕೆ ಹಾಗೆಂದೆ ಎಂದು ಆ ಕ್ಷಣವೇ ನಾಲಗೆ ಕಚ್ಚಿಕೊಂಡ.

"ಕೇಳ್ದೆ ಅಣ್ಣ. ರಘಣ್ಣ ಅದ್ಯಾವ್ದೋ ಫೋನ್ ಗುಂಪಿಗೆ ಸೇರ್ಸಿದ್ರು. ನಂಗೆ ಬರ್ಯಕ್ಕೆ ಸರ್ಯಾಗಿ ಬರಲ್ಲ. ಮೈಕ್ ಒತ್ಕಂಡು ಮಾತಾಡಿದ್ರೆ ಅದೇ ಬರ್ಕತ್ತದಲ್ಲ, ಅಂಗೆ ಕೇಳ್ದೆ. ನಾನು ಜುಂ ಅಂದ್ರೆ ಅದು ಜೂನ್ ಅಂತ ಬರ್ಕಂಡದೆ. ನಂಗೇನ್ ಗೊತ್ತು? ಎಲ್ಲಾ ನಕ್ರು. ಯಾಕ್ ನಗ್ತಾವ್ರೆ ಅಂತ್ಲೇ ತಿಳೀಲಿಲ್ಲ. ಸಂಜೆ ಮಗ್ಳು ಗಗನ ಕಾಲೇಜಿಂದ ಬಂದು ಓದಿ ಯೋಳಿದ್ಲು. ನಾಚ್ಕೆಯಾಗೋಯ್ತು."

ಹಾರೆ ನಿಂತಿತು.

"ನಂದೇ ತಪ್ಪು ಬುಡಿ. ನಾನೇ ಸರ್ಯಾಗಿ ಕೇಳ್ಲಿಲ್ಲ. ಅವ್ರಿಗ್ ಅರ್ತ ಆಗಿದ್ರೆ ಯೋಳ್ದೆ ಇರ್ತಿದ್ರಾ? ದೊಡ್ ದೊಡ್ಡೋರು ಇರೋ ಜಾಗ. ಆಮೇಲೆ ಯಾರ್ನ ಕೇಳಕ್ಕೂ ಬಾಯೇ ಬರ್ಲಿಲ್ಲ ಅಣ್ಣ. ಲೈನ್‌ಮನ್ನು ಇದೇ ದಾರೀಲಿ ಓಯ್ತಿದ್ರು, ಕೂಗಣ ಅನ್ಕಳದು, ಇದೂ ನಗೋ ಅಂತಾದ್ದೇ ಇರ್ಬೇಕು ಅಂತ ಸುಮ್ಕಾಗದು. ಕೋಲು ಇಟ್ಕಂಡೆ."

ರವಿಚಂದ್ರನಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅವಳು ಬೈದಿದ್ದರೆ ತಲೆತಗ್ಗಿಸಿ ಕೇಳಬಹುದಿತ್ತು. ಅವಳು ತಪ್ಪನ್ನೆಲ್ಲ ಬಾಚಿ ತನ್ನ ಮಡಿಲಿಗೇ ಹಾಕಿಕೊಂಡು ಕೂತಿದ್ದಳು, ಮತ್ತು ಇವನು ಗುಂಡಿಯೊಳಗೆ ನಿಂತು ಅದನ್ನು ನೋಡುತ್ತಿದ್ದ.

"ಅವ್ರಿಗೆ ಅರ್ಥ ಆಗಿತ್ತಕ್ಕ," ಎಂದ. "ಚೆನ್ನಾಗೇ ಅರ್ಥ ಆಗಿತ್ತು."

ಮರಿತಾಯಮ್ಮ ತಲೆ ಎತ್ತಿ ನೋಡಿದಳು.

"ಬಂದಾಗ್ಲಿಂದ ಅನ್ಕತಾ ಇದ್ದೆ, ಈ ದನಿ ಎಲ್ಲೋ ಕೇಳಿದ್ದೀನಿ ಅಂತ," ಎಂದಳು ನಿಧಾನವಾಗಿ. "ಆ ಗುಂಪಲ್ಲಿ ಅಳೇವು ಮಾತಾಡಿ ಆಕಿದ್ವಲ್ಲ, ಅವ್ನ ರಘಣ್ಣ ನಂಗೆ ಕಳ್ಸಿದ್ರು, ಎಲ್ಲಾ ಕೇಳ್ತಿದ್ದೆ ನಾನು. ಕೆಂಪು ವಯರು ಎಲ್ಲಿಗೆ, ಅರಿಸಿನದ್ದು ಎಲ್ಲಿಗೆ ಅಂತ. ಎಷ್ಟ್ ಚೆಂದಾಗಿ ಯೋಳ್ತಾರೆ ಈಯಪ್ಪ, ಇವ್ರನ್ನೇ ಕೇಳಣ ಅಂತ ಧೈರ್ಯ ಬಂದಿದ್ದೇ ಅದುನ್ನ ಕೇಳಿ." ಅವಳು ಎದ್ದು ನಿಂತಳು. "ನೀನೇಯಾ?"

ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು ನೀನು ಎಂದದ್ದು ರವಿಚಂದ್ರನ ಎದೆಗೆ ತಾಗಿತು. ಹೌದೆಂದು ತಲೆ ಆಡಿಸಿದ.

ಅವಳು ಬದುವಿನ ಮೇಲೆ ಸ್ವಲ್ಪ ದೂರ ನಡೆದು ಹೋದಳು. ಅಲ್ಲಿ ಹೊಸ ಮಣ್ಣಿನ ಒಂದು ದಿಬ್ಬವಿತ್ತು. ಹಸುವನ್ನು ಹೂತ ಜಾಗ. ಅಲ್ಲಿ ಅವಳು ಅತ್ತಳೋ, ಬೈದುಕೊಂಡಳೋ, ಬೆನ್ನು ಮಾತ್ರ ಕಾಣುತ್ತಿದ್ದುದರಿಂದ ಅವನಿಗೆ ತಿಳಿಯಲಿಲ್ಲ. ಹೊರಟುಬಿಡಲೇ ಎಂದುಕೊಂಡ. ಗುಂಡಿ ಅರ್ಧಕ್ಕೇ ನಿಂತಿತ್ತು. ಬೇರೆ ಏನೂ ತೋಚದೆ ಮತ್ತೆ ಹಾರೆ ಹಿಡಿದು ತೋಡಿದ. ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು, ಹೊಸ ವಯರನ್ನು ಡಬ್ಬಕ್ಕೆ ಬಿಗಿದ.

ಅವಳು ತಿರುಗಿ ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು.

"ಈಗ ಯೋಳು."

"ಏನಕ್ಕ?"

"ಅವತ್ತು ಕೇಳಿದ್ನಲ್ಲ. ಡಬ್ಬ ಮುಟ್ಟಿದ್ರೆ ಯಾಕೆ ಜುಂ ಅಂತಿತ್ತು? ಈಗ್ಲಾದ್ರೂ ಯೋಳು. ರಿಪೇರಿ ಮಾಡ್ಬುಟ್ಟು ಓದ್ರೆ ಮುಂದ್ಲ ಸಲ ನಾನು ಯಾರ್ನ ಕೇಳ್ಲಿ?"

ರವಿಚಂದ್ರ ಕೆಸರಿನಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಬಿಚ್ಚಿದ ಹಳೆಯ ವಯರನ್ನು ಅವಳ ಕೈಗೆ ಕೊಟ್ಟು ಸವೆದ ಜಾಗ ತೋರಿಸಿದ. ಕರೆಂಟು ಇಲ್ಲಿಂದ ತಗಡಿಗೆ ಹೇಗೆ ಬಂತು, ತಗಡಿನಿಂದ ಆಂಗಲ್ಲಿಗೆ ಹೇಗೆ ಇಳಿಯಿತು, ಒಣ ಕೋಲಿನಲ್ಲಿ ಯಾಕೆ ಬರಲಿಲ್ಲ ಎಂದು ಹೇಳಿದ. ಅವಳು ನಡುನಡುವೆ ತಡೆಯುತ್ತಿದ್ದಳು. "ಅರ್ಥ್ ಅಂದ್ರೇನು?" "ಕರೆಂಟು ಎಡವಟ್ಟಾದ್ರೆ ಅದು ಮನುಷ್ಯನ ಮೈಗೆ ನುಗ್ದಂಗೆ ನೆಲಕ್ಕೆ ಇಳ್ಸೋ ದಾರಿ ಅಕ್ಕ." "ಮತ್ತೆ ನೆಲ ಮುಟ್ಟಿದ್ರೆ ನಂಗೆ ಒಡ್ಯಲ್ವಾ?" ಗ್ರೂಪಿನಲ್ಲಿ ಯಾರಾದರೂ ಕೇಳಿದ್ದರೆ ಮಂಗಳಾರತಿಯಾಗುತ್ತಿದ್ದ ಪ್ರಶ್ನೆ ಅದು. ಉತ್ತರ ಹೇಳಲು ಹೊರಟವನಿಗೆ ಅದು ಅಷ್ಟು ಸುಲಭದ್ದಲ್ಲ ಎಂದು ಗೊತ್ತಾಯಿತು. ಎರಡು ಮೂರು ಬಗೆಯಲ್ಲಿ ಹೇಳಿ ನೋಡಿದ. ಕೊನೆಗೆ ಕಾಲುವೆ, ತೂಬು, ಗದ್ದೆಗಳ ಹೋಲಿಕೆ ಕೊಟ್ಟಾಗ ಅವಳು ತಲೆದೂಗಿದಳು.

ಟೆಸ್ಟರನ್ನು ಅವಳ ಕೈಗೇ ಕೊಟ್ಟ. ಮೇನ್ ಹಾಕಿ, ಮೋಟಾರು ಓಡಿಸಿ, ಡಬ್ಬದ ಮೇಲೆ ಇಟ್ಟು ನೋಡಲು ಹೇಳಿದ. ಅವಳು ತೋಳು ಚಾಚಿ ಟೆಸ್ಟರಿನ ತುದಿಯನ್ನಷ್ಟೇ ತಾಗಿಸಿದಳು. ದೀಪ ಹತ್ತಲಿಲ್ಲ. ಬೋರಿನ ನೀರು ತೊಟ್ಟಿಗೆ ಬಿತ್ತು.

"ಅಕ್ಕ," ಎಂದ ಅವನು, "ನನ್ನಿಂದ ತಪ್ಪಾಯ್ತು."

"ಆಯ್ತು," ಎಂದಳು ಮರಿತಾಯಮ್ಮ. "ತಪ್ಪಾಗಿಲ್ಲ ಅಂತ ನಾನೂ ಯೋಳಕ್ಕಿಲ್ಲ. ಕೆಂದಿ ಓಯ್ತು. ಅವತ್ತು ನನ್ ಮಗ್ಳೇ ಬಟನ್ ಒತ್ತಕ್ಕೆ ಬಂದಿರೋಳು, ಕಾಲೇಜಿಗೆ ರಜ ಇದ್ದಿದ್ರೆ." ಆ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಮನೆಗೆ ಕರೆದು ಮಜ್ಜಿಗೆ ಕೊಟ್ಟಳು, ಬಂದವರಿಗೆ ಕೊಡುವುದು ರೂಢಿಯಾದ್ದರಿಂದ. ಅವನು ಮತ್ತೆ ಗ್ರೂಪಿಗೆ ಸೇರಿಸಲೇ ಎಂದು ಕೇಳಿದಾಗ, "ಬ್ಯಾಡ ಕಣಪ್ಪ. ನಿನ್ ನಂಬರ್ ಕೊಟ್ಟೋಗು, ಬೇಕಾದ್ರೆ ಫೋನ್ ಮಾಡ್ತೀನಿ" ಎಂದಳು. ನಂಬರು ತೆಗೆದುಕೊಂಡಳು. ಇಂದಿನವರೆಗೂ ಅವಳು ಫೋನ್ ಮಾಡಿಲ್ಲ.

ಆ ಸಂಜೆ ರವಿಚಂದ್ರ ಅರ್ಪಿತಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, "ಅಂಗಾರೆ ಆ ಗ್ರೂಪ್ ಮುಚ್ಚಾಕ್ಬುಡಿ" ಎಂದಳು. ಅವನೂ ಹಾಗೇ ಅಂದುಕೊಂಡಿದ್ದ. ಮುಚ್ಚಿದರೆ ತನಗೆ ಹಗುರವಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಮುಚ್ಚದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಗ್ರೂಪಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದ. ಅರ್ಥ ಆಗಿತ್ತು, ಆದರೂ ನಕ್ಕೆ ಎಂದು ಬರೆದ. ಇನ್ನು ಮುಂದೆ ಇಲ್ಲಿ ಯಾರ ಪ್ರಶ್ನೆಗೂ ನಗುವಂತಿಲ್ಲ ಎಂದ. ಕೆಲವರು ಕೈಮುಗಿದರು. ಕೆಲವರು, ರವಿಯಣ್ಣ ಸಪ್ಪೆಯಾದ ಎಂದು ಬೇರೆ ಗ್ರೂಪು ಕಟ್ಟಿಕೊಂಡು ಹೋದರು. ಅವನ ಮುಖದ ಸ್ಟಿಕ್ಕರುಗಳು ಅಲ್ಲಿ ಇನ್ನೂ ಓಡಾಡುತ್ತಿವೆಯಂತೆ.

ನಾಲಗೆಯ ತುರಿಕೆ ಮಾತ್ರ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಈಗಲೂ ಪೆದ್ದು ಪ್ರಶ್ನೆ ಬಂದಾಗ ಒಂದು ಮಾತು ತಾನಾಗಿ ಹುಟ್ಟಿ ಬೆರಳ ತುದಿಗೆ ಬರುತ್ತದೆ. ಒಳ್ಳೆಯ ಮಾತೇ, ನಗು ಬರುವಂಥದ್ದೇ. ಅವನು ಫೋನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ತಂತಿ ಸುತ್ತಿ, ಆಮೇಲೆ ಉತ್ತರ ಬರೆಯುತ್ತಾನೆ.

ಮೊನ್ನೆ ನಾಗಮಂಗಲದ ಕಡೆಯಿಂದ ನಾಗರಾಜು ಎಂಬವರು ಗ್ರೂಪಿನಲ್ಲಿ, ಮೋಟಾರು ಹಾಕಿದರೆ ಮನೆಯ ನಲ್ಲಿ ಮುಟ್ಟಿದಾಗ ಚುರುಕ್ ಎನ್ನುತ್ತದೆ, ನೀರಿನಲ್ಲಿ ಏನಾದರೂ ಹುಳ ಇರಬಹುದೇ ಎಂದು ಕೇಳಿದರು. ರವಿಚಂದ್ರ ಬರೆಯುತ್ತಾ ಕೂರಲಿಲ್ಲ. ಕೈಯಲ್ಲಿದ್ದ ಕಾಯಿಲ್ ಬಿಸಾಕಿ ಆ ನಂಬರಿಗೆ ಫೋನ್ ಮಾಡಿದ.

"ಹಲೋ, ನಾಗರಾಜಣ್ಣನಾ? ನಾನು ರವಿಚಂದ್ರ, ಮೋಟಾರ್ ಮಿತ್ರರು ಗ್ರೂಪು..."

ಆ ಕಡೆಯದು ವಯಸ್ಸಾದ ದನಿ. "ಅಯ್ಯೋ, ತಪ್ಪಾಯ್ತು ಸಾ. ಗೊತ್ತಾಗ್ದೆ ಕೇಳ್ಬುಟ್ಟೆ. ಈಗ್ಲೇ ಅಳಿಸ್ಬುಡ್ತೀನಿ, ಗ್ರೂಪಿಂದ ತೆಗೀಬ್ಯಾಡಿ ಸಾ."

ಎದುರಿನ ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸು ಹಾರನ್ ಹೊಡೆಯುತ್ತಾ ಹೋಯಿತು. ಅದು ದಾಟುವವರೆಗೆ ರವಿಚಂದ್ರ ಫೋನನ್ನು ಕಿವಿಗೆ ಒತ್ತಿಕೊಂಡ.

"ಇಲ್ಲ ಕಣಣ್ಣ, ಅಳಿಸ್ಬ್ಯಾಡಿ," ಎಂದ. "ಒಳ್ಳೇದ್ ಮಾಡಿದ್ರಿ ಕೇಳಿ. ಮೊದ್ಲು ಓಗಿ ಮೇನ್ ಆಫ್ ಮಾಡ್ಬನ್ನಿ. ಮನೇಲಿ ಯಾರೂ ನಲ್ಲಿ ಮುಟ್ಟಬ್ಯಾಡಿ ಅನ್ನಿ. ನಾನು ಲೈನಲ್ಲೇ ಇರ್ತೀನಿ."